ಐದಿರುವಾಗ ಎರಡು ಪಾಯಿಂಟ್ ನಾಲ್ಕು ಯಾಕೆ?

ಮುಂಬೈಯಲ್ಲಿ ಇಪ್ಪತ್ತೈದು ವರ್ಷ ಹೋಟೆಲಿನ ಗಲ್ಲಾ ಮೇಲೆ ಕುಳಿತವನು ನಾನು. ಬಾಗಿಲಲ್ಲಿ ನಿಂತ ಗಿರಾಕಿಯ ಮುಖ ನೋಡಿಯೇ ಇವನು ಇಡ್ಲಿಯವನೋ ಮಸಾಲೆ ದೋಸೆಯವನೋ ಹೇಳಿಬಿಡುತ್ತಿದ್ದೆ. ಅಂಥವನಿಗೆ ಒಂದು ವೈಫೈ ರೂಟರ್ ಆರಿಸುವುದು ಯಾವ ಮಹಾ ವಿದ್ಯೆ!

ರೂಟರ್ ಬೇಕಾದದ್ದು ಬಾವಿಯ ಪಂಪಿಗೆ. ನಗಬೇಡಿ. ಉಪ್ಪುಂದದಲ್ಲಿ ನಮ್ಮ ನೀರಿನ ಟ್ಯಾಂಕು ಇರುವುದು ಅಣ್ಣನ ಮನೆಯ ಅಂಗಳಕ್ಕೆ ತಾಗಿಕೊಂಡು. ನಾನು ಪಂಪ್ ಹಾಕಿ ಮರೆಯುವುದು, ಟ್ಯಾಂಕ್ ತುಂಬಿ ನೀರೆಲ್ಲ ಆಚೆ ಹರಿಯುವುದು ನಿತ್ಯದ ಕಾರ್ಯಕ್ರಮ. ಮೊದಲಾದರೆ ಅಣ್ಣ ಕೂಗಿ ಹೇಳುತ್ತಿದ್ದ. ಆದರೆ ಪಾಲಾಗುವಾಗ ‘ದೊಡ್ಮನೆ’ ಎಂಬ ಹೆಸರು ಯಾರ ಪಾಲಿಗೆ ಎಂದು ಜಗಳವಾಯಿತು. ಇಬ್ಬರೂ ಗೇಟಿಗೆ ಅದೇ ಬೋರ್ಡು ಹೊಡೆದೆವು. ಮಾತು ಬಿಟ್ಟು ಎರಡು ವರ್ಷ.

ನನ್ನ ಹೆಂಡತಿ ಸುಮತಿ ಕೊನೆಯ ಎಚ್ಚರಿಕೆ ಕೊಟ್ಟಳು. “ಅಕ್ಕ ಈಗ್ಲೂ ನನ್ ಕಂಡ್ರೆ ನಗಾಡ್ತ್ರ್. ಇನ್ನೊಂದ್ ಸಲ ನೀರ್ ಆಚೆ ಹೋದ್ರೆ ಅದೂ ಇಲ್ಲೆ. ಅಷ್ಟ್ ನೆನ್ಪ್ ಇಟ್ಕಣಿ.” ಅಕ್ಕ ಎಂದರೆ ನನ್ನ ಅತ್ತಿಗೆ.

ಹಾಗಾಗಿ ಒಂದು ಸ್ಮಾರ್ಟ್ ಪ್ಲಗ್ಗು, ಜೊತೆಗೆ ಆಸೆಗೆಂದು ಎರಡು ಸ್ಮಾರ್ಟ್ ಬಲ್ಬು ತಂದೆ. ಇನ್ನು ಪಂಪನ್ನು ಫೋನಿನಲ್ಲೇ ನಿಲ್ಲಿಸಬಹುದು. ಅದಕ್ಕೆ ತಕ್ಕ ರೂಟರ್ ಆರಿಸಲು ಕುಂದಾಪುರದ ಅಂಗಡಿಗೆ ಹೋದೆ.

“ಕಾಣಿ, ಇದ್ರಗೆ ಎರಡ್ ದಾರಿ ಇತ್ತ್,” ಎಂದರು ಅಂಗಡಿಯವರು. “ಒಂದ್ ಐದ್ ಗಿಗಾಹರ್ಟ್ಸ್, ಮತ್ತೊಂದ್ ಎರಡು ಪಾಯಿಂಟ್ ನಾಲ್ಕ್. ನಿಮ್ಮ ಪ್ಲಗ್ಗಿಗೆ…”

“ಐದ್ ಇಪ್ಪತಿಗೆ ಎರಡು ಪಾಯಿಂಟ್ ನಾಲ್ಕ್ ಎಂತಕೆ?”

“ಹ್ವಾಯ್, ಪೂರ್ತಿ ಕೇಣಿ ಮರಾಯ್ರೆ!”

ಕೇಳಲಿಲ್ಲ. ಆರು ಕೊಂಬಿನ, ಅಂಗಾತ ಬಿದ್ದ ಏಡಿಯಂಥ ರೂಟರನ್ನು ಎತ್ತಿಕೊಂಡು ಬಂದೆ. ಮನೆಯಲ್ಲಿ ಸೆಟ್ಟಿಂಗ್ ತೆರೆದು, ನನ್ನ ಸ್ವಂತ ಬುದ್ಧಿಯಿಂದ ಎರಡು ಪಾಯಿಂಟ್ ನಾಲ್ಕನ್ನು ಬಂದ್ ಮಾಡಿದೆ. ಕೆಲಸವಿಲ್ಲದವರನ್ನು ಸಾಕುವ ಪದ್ಧತಿ ನನ್ನ ಹೋಟೆಲಿನಲ್ಲೂ ಇರಲಿಲ್ಲ.

ಆಮೇಲೆ ವೈಫೈಗೆ ಹೆಸರಿಡಬೇಕಲ್ಲ? ಒಟ್ಟಿಗಿದ್ದಾಗಿನ ಹಳೇ ರೂಟರ್ ಅಣ್ಣನ ಪಾಲಿಗೆ ಹೋಗಿತ್ತು. ಅದರ ಹೆಸರು ‘ದೊಡ್ಮನೆ’. ಹೆಸರು ಬಿಟ್ಟುಕೊಡುವುದುಂಟೇ! ನನ್ನದಕ್ಕೂ ಅದನ್ನೇ ಇಟ್ಟೆ. ಪಾಸ್‌ವರ್ಡೂ ಹಳೆಯದೇ, ಅಪ್ಪನ ಕಾಲದ ಲ್ಯಾಂಡ್‌ಲೈನ್ ನಂಬರು. ನಮ್ಮ ಮನೆತನದಲ್ಲಿ ಅದು ಎಲ್ಲರಿಗೂ ಬಾಯಿಪಾಠ.

ಪ್ಲಗ್ಗು ನಾಲ್ಕು ಸಲ ಕಣ್ಣು ಮಿಟುಕಿಸಿ ಒಪ್ಪಿಕೊಂಡಿತು. ಫೋನ್ ಒತ್ತಿದರೆ ಪಂಪ್ ಶುರು, ಒತ್ತಿದರೆ ಬಂದ್. ಸುಮತಿ ಕೂಡ ಮೆಚ್ಚಿದಳು. “ಪರ್ವಾಗಿಲ್ಲೆ,” ಎಂದಳು. ಅವಳ ಬಾಯಲ್ಲಿ ಅದು ಸನ್ಮಾನ.

ನಾಲ್ಕನೇ ದಿನ ಶುರುವಾಯಿತು ಗ್ರಹಚಾರ. ಫೋನಿನಲ್ಲಿ ವಿಡಿಯೊ ಸಲೀಸಾಗಿ ಓಡುತ್ತಿದೆ, ಪ್ಲಗ್ಗು, ಬಲ್ಬು ಮಾತ್ರ ‘ಆಫ್‌ಲೈನ್’! ಕೆಂಪುಕಲ್ಲಿನ ಗೋಡೆ ದಪ್ಪವಾಯಿತು ಎಂದುಕೊಂಡು ರೂಟರನ್ನು ಕಪಾಟಿನ ಮೇಲಿಟ್ಟೆ. ಒಂದು ಗಂಟೆಯಲ್ಲಿ ಸರಿಯಾಯಿತು. ಮಾರನೆಯ ವಾರ ಮತ್ತೆ ಹೋಯಿತು. ಫ್ರಿಜ್ಜಿನ ಮೇಲಿಟ್ಟೆ, ಸರಿಯಾಯಿತು. ಮತ್ತೆ ಹೋಯಿತು. ದೇವರ ಕೋಣೆಯಲ್ಲಿಟ್ಟೆ. ಎಲ್ಲಿಟ್ಟರೂ ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಯಾಗುತ್ತಿತ್ತು. ಹೀಗೆ ತಾನಾಗಿ ಸರಿಯಾಗುವ ಕಾಯಿಲೆಗೆ ಯಾವ ಮದ್ದು ಕೊಡುವುದು? ಕೆಟ್ಟ ವೇಳೆಯನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಮಾಡಲು ಕುಳಿತೆ.

“ವೈಫೈಗೂ ರಾಹುಕಾಲ ಇತ್ತಾ?” ಎಂದಳು ಸುಮತಿ. ನನಗೂ ಅದೇ ಸಂಶಯ.

ಎರಡು ತಿಂಗಳು ಹೀಗೇ ಕಳೆಯಿತು. ಒಂದು ದಿನ ಬ್ರಹ್ಮಾವರದಲ್ಲಿ ಮದುವೆ. ಊಟಕ್ಕೆ ಕುಳಿತಾಗ ಪಕ್ಕದ ಎಲೆಯವರಿಗೆ ನನ್ನ ವೈಭವ ತೋರಿಸುವ ಚಪಲ ಬಂತು. “ಕಾಣಿ, ಇಲ್ಲಿ ಕೂತ್ಕಂಡ್ ಉಪ್ಪುಂದದ ಪಂಪ್ ಹಾಕ್ತೆ!” ಎಂದು ಒತ್ತಿದೆ. ಪಂಪ್ ಶುರುವಾಯಿತು. ಅವರು ಬಾಯಿಬಿಟ್ಟರು. ಹೋಳಿಗೆ ಬರುವ ಹೊತ್ತಿಗೆ ನಿಲ್ಲಿಸಲು ನೋಡಿದರೆ ‘ಆಫ್‌ಲೈನ್’!

ಹೋಳಿಗೆ ಎಲೆಯಲ್ಲೇ ಉಳಿಯಿತು. ಕೈಯನ್ನೂ ಸರಿಯಾಗಿ ತೊಳೆಯದೆ ಬಸ್ಸು ಹತ್ತಿದೆವು. ಸುಮತಿ ಮರ್ಯಾದೆ ಬದಿಗಿಟ್ಟು ಅತ್ತಿಗೆಗೆ ಫೋನ್ ಮಾಡಿದಳು. “ಅಕ್ಕ, ನಮ್ ಪಂಪ್ ಬಂದ್ ಆತಿಲ್ಲೆ, ಒಂಚೂರ್ ಕಾಣಿ.” ಅವರಿಬ್ಬರೂ ಬೈಂದೂರು ಪೇಟೆಯಲ್ಲಿದ್ದರು. “ಈಗ್ಲೇ ಹೊರಡ್ತೊ,” ಎಂದರಂತೆ ಅತ್ತಿಗೆ.

ಬಸ್ಸು ಮರವಂತೆ ದಾಟುವಾಗ ಪ್ಲಗ್ಗಿಗೆ ತಾನಾಗಿಯೇ ಜೀವ ಬಂತು. ತಕ್ಷಣ ಪಂಪ್ ನಿಲ್ಲಿಸಿದೆ. ಅದು ಯಾಕೆ ಹೋಗಿತ್ತು, ಯಾಕೆ ಬಂತು, ದೇವರಾಣೆ ತಿಳಿಯಲಿಲ್ಲ.

ಮನೆಗೆ ಬಂದು ನೋಡಿದರೆ, ಕೊಬ್ಬರಿಗೆಂದು ಅಣ್ಣ ಅಂಗಳದಲ್ಲಿ ಒಣಹಾಕಿದ್ದ ಕಾಯಿ ಹೋಳುಗಳೆಲ್ಲ ನೀರಿನಲ್ಲಿ ತೇಲುತ್ತಿದ್ದವು. ಅಣ್ಣ ಪಂಚೆ ಎತ್ತಿಕಟ್ಟಿ ಒಂದೊಂದನ್ನೇ ಬುಟ್ಟಿಗೆ ಹಾಕುತ್ತಿದ್ದ. ನನ್ನತ್ತ ನೋಡಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನೂ ಅಂಗಳಕ್ಕಿಳಿದು ಹೆಕ್ಕತೊಡಗಿದೆ.

“ಆ ರೂಟರ್ ಸರಿ ಇಲ್ಲೆ…” ಎಂದು ತೊದಲಿದೆ.

“ನಿಮ್ ರೂಟರ್ ಎಂತ ಮಾಡ್ತ್, ಪಾಪ!” ಎಂದು ಅತ್ತಿಗೆ ಫೋನ್ ಹಿಡಿದು ಬಂದರು. “ಪ್ಲಗ್ಗಿಗೆ, ಬಲ್ಬಿಗೆ ಎರಡು ಪಾಯಿಂಟ್ ನಾಲ್ಕೇ ಬೇಕ್. ನಿಮ್ಮಲ್ಲಿ ಅದ್ ಸಿಕ್ಲಿಲ್ಲೆ. ಅದೇ ಹೆಸ್ರ್, ಅದೇ ಪಾಸ್‌ವರ್ಡ್ ನಮ್ಮಲ್ಲಿ ಸಿಕ್ತ್. ಇಲ್ಲಿಗೆ ಬಂದ್ವ್.”

ಅವರ ವೈಫೈ ಬಳಸುವವರ ಪಟ್ಟಿಯಲ್ಲಿ ನನ್ನ ಸಂಸಾರವೆಲ್ಲ ಇತ್ತು! ಎರಡು ಬಲ್ಬು, ಒಂದು ಪ್ಲಗ್ಗು. ಮನೆ ಬಿಟ್ಟು ಹೊರಟರೆ ಮೈನ್ ಸ್ವಿಚ್ ಬಂದ್ ಮಾಡುವುದು ಅಪ್ಪ ಹಾಕಿಕೊಟ್ಟ ಕ್ರಮ. ಆಧುನಿಕನಾದ ನಾನು ಬಿಟ್ಟಿದ್ದೆ, ಅಣ್ಣ ಬಿಟ್ಟಿರಲಿಲ್ಲ. ಅವರು ಪೇಟೆಗೆ ಹೋದಾಗಲೆಲ್ಲ ಅವರ ರೂಟರ್ ಬಂದ್, ನನ್ನ ಮನೆಗೆ ರಾಹುಕಾಲ!

“ನಿಮ್ಗೆ ಗೊತ್ತಿತ್ತಾ ಅಕ್ಕ?” ಸುಮತಿ ಕೇಳಿದಳು.

“ಎರಡ್ ತಿಂಗ್ಳಿಂದ ಕಾಣ್ತಾ ಇದ್ದೆ. ಮಾತ್ ಬಿಟ್ರೂ ವೈಫೈ ಆದ್ರೂ ಬಳಸ್ತ್ರಲೆ ಅಂದೇಳಿ ಸಮಾಧಾನ ಆಯ್ತ್. ತೆಗ್ದ್ ಹಾಕುಕೆ ಮನ್ಸ್ ಬರ್ಲಿಲ್ಲೆ.”

ನನಗೆ ತಲೆ ಎತ್ತಲಾಗಲಿಲ್ಲ. ಸುಳ್ಳೇಕೆ, ಕಣ್ಣೂ ತುಂಬಿತು. ಅಣ್ಣ ಬುಟ್ಟಿ ಕೆಳಗಿಟ್ಟು, ಎರಡು ವರ್ಷದ ಮೇಲೆ ಮೊದಲ ಮಾತಾಡಿದ. “ಇನ್ಮೇಲೆ ಹೊರ್ಗೆ ಹೋಪತಿಗೆ ನಿಂಗೆ ಹೇಳಿ ಹೋತೆ. ಆಗ ಪಂಪ್ ಹಾಕ್ಬೇಡ.”

ನನ್ನ ರೂಟರ್ ಸರಿಮಾಡಲು ಅತ್ತಿಗೆಗೆ ಎರಡೇ ನಿಮಿಷ ಸಾಕಂತೆ. ನಾನೇ ಬೇಡ ಎಂದೆ. ಈಗ ಅಣ್ಣ ಹೊರಡುವಾಗಲೆಲ್ಲ ನಮ್ಮ ಜಗಲಿಗೆ ಬಂದು ಹೇಳಿ, ಚಾ ಕುಡಿದೇ ಹೋಗುತ್ತಾನೆ. ಊರಿನವರು ಕೇಳಿದರೆ ನಮ್ಮದು ಸ್ಮಾರ್ಟ್ ಹೋಮ್ ಎಂದೇ ಹೇಳುತ್ತೇನೆ. ಸ್ಮಾರ್ಟ್ ಆಗಿರುವವರು ಪಕ್ಕದ ಮನೆಯಲ್ಲಿದ್ದಾರೆ ಎಂಬುದನ್ನು ಮಾತ್ರ ಹೇಳುವುದಿಲ್ಲ!