ಮಾಮನ ಬೆನ್ನೂ ಬಂಗಾರದ ಉಡಿದಾರವೂ

ನಮ್ಮ ಮಾಮನಿಗೆ ಬೆನ್ನುಮೂಳೆ ಇದೆ. ನಾನೇ ಕಣ್ಣಾರೆ ನೋಡಿದ್ದೇನೆ, ಅದೂ ಟೀವಿಯಲ್ಲಿ! ನೋಡುವ ತನಕ ನನಗೆ ನಂಬಿಕೆ ಇರಲಿಲ್ಲ. ಯಾವ ಸರ್ಕಾರಿ ಆಫೀಸಿನ ಜವಾನ ಎದುರಾದರೂ ನಡು ಬಗ್ಗಿಸಿ ಕೈಮುಗಿಯುವ, ಮನೆಯವರ ಮುಂದೆ ಮಾತ್ರ ಕಂಬದಂತೆ ಸೆಟೆದು ನಿಲ್ಲುವ ಈ ಮನುಷ್ಯನೊಳಗೆ ಮೂಳೆಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿವೆ ಎಂದು ಯಾರು ತಾನೇ ಊಹಿಸಿಯಾರು?

ಮಾಮ ಎಂದರೆ ನನ್ನ ತಾಯಿಯ ತಮ್ಮ, ಕುರುಗೋಡಿನವನು. ದೇಶನೂರು ಕಡೆಯ ಭತ್ತವನ್ನು ಸಿರುಗುಪ್ಪದ ರೈಸ್‌ಮಿಲ್ಲುಗಳಿಗೆ ಸಾಗಿಸುವ ಎರಡು ಮುದಿ ಲಾರಿಗಳು ಅವನ ಆಸ್ತಿಯಾಗಿದ್ದವು. ನಮ್ಮ ಕೆಂಪು ಮಣ್ಣಿಗೆ ಚೀನಾದವರು ಬಾಯಿ ಬಿಡುತ್ತಿದ್ದಾರೆ ಎಂಬ ಸುದ್ದಿ ಬಂದದ್ದೇ ತಡ, ಭತ್ತ ಇಳಿಸಿ ಅದಿರು ಹೇರಿದ. ಆಮೇಲೆ ಲಾರಿಗಳು ಮರಿ ಹಾಕಿದವು. ಬಳ್ಳಾರಿಯಲ್ಲಿ ನಾವು ಒಗೆದ ಬಿಳಿ ಸೀರೆಯನ್ನು ಒಣಹಾಕಿ ಕೆಂಪು ಸೀರೆಯನ್ನು ಮಡಚಿಡುತ್ತಿದ್ದ ದಿನಗಳು ಅವು. ಅಂಥ ಧೂಳಿನಲ್ಲಿ ಮಾಮ ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು ಹಾಕಿಕೊಂಡು ಬಿಳಿ ಕಾರಿನಿಂದ ಇಳಿಯುತ್ತಿದ್ದ. ಕಾರು ಎಷ್ಟು ಎತ್ತರ ಎಂದರೆ, ಹತ್ತಲು ಅವನಿಗೆ ಒಂದು ಸ್ಟೂಲು ಬೇಕಾಗುತ್ತಿತ್ತು.

ಆ ಕಾರೇ ಅವನ ನಡು ಮುರಿಯಿತು. ಕುಡತಿನಿ ರಸ್ತೆಯಲ್ಲಿ ಮಿತಿಮೀರಿ ಅದಿರು ಹೊತ್ತು ಓಡಾಡಿ ಮೊಣಕಾಲುದ್ದದ ಗುಂಡಿಗಳನ್ನು ತೋಡಿದ್ದು ಇವನಂಥವರ ಲಾರಿಗಳು. ಅವೇ ಗುಂಡಿಗಳಲ್ಲಿ ದಿನಕ್ಕೆ ನಾಲ್ಕು ಸಲ ಎತ್ತಿ ಕುಕ್ಕಿಸಿಕೊಂಡದ್ದು ಇವನ ಬೆನ್ನು. ಇಷ್ಟು ಬೇಗ, ಇಷ್ಟು ನ್ಯಾಯವಾಗಿ ತೀರ್ಪು ಕೊಡುವ ಕೋರ್ಟು ಯಾವ ಊರಲ್ಲಿದೆ ಹೇಳಿ! ನೋವು ಸೊಂಟದಲ್ಲಿ ಹುಟ್ಟಿ, ಎಡಗಾಲಿನ ಹಿಂದುಗಡೆಯಿಂದ ಹಿಮ್ಮಡಿಯ ತನಕ ಇಳಿಯುತ್ತಿತ್ತಂತೆ. ಬಳ್ಳಾರಿಗೆ ಬಂದಾಗಲೆಲ್ಲ ನಮ್ಮ ಮನೆಯ ನಡುಕೋಣೆಯಲ್ಲಿ ಅಂಗಾತ ಮಲಗಿ ಅದನ್ನು ವರ್ಣಿಸುತ್ತಿದ್ದ. ನಾನು ಅವನನ್ನು ದಾಟಿಕೊಂಡೇ ಅಡಿಗೆಮನೆಗೆ ಹೋಗಬೇಕಾಗಿತ್ತು.

ಅವನ ಅಳಲೆಲ್ಲ ಒಂದೇ: ಅವ್ವನನ್ನು ಎತ್ತಲು ಆಗುತ್ತಿಲ್ಲ. ಅವ್ವ ಎಂದರೆ ನನ್ನ ಅಜ್ಜಿ. ಕಾಲು ಬಿದ್ದುಹೋಗಿ, ಕಣ್ಣು ಮಂಜಾಗಿ ಕುರುಗೋಡಿನ ಮನೆಯಲ್ಲಿ ಮಂಚ ಹಿಡಿದಿದ್ದಳು. ದಿನಾ ಬೆಳಿಗ್ಗೆ ಮಾಮ ಅವಳನ್ನು ಎರಡೂ ತೋಳಿನಲ್ಲಿ ಎತ್ತಿ ತಂದು ಮುಂಬಾಗಿಲ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕೂಡಿಸುತ್ತಿದ್ದ. ಬೆನ್ನು ಕೈಕೊಟ್ಟ ಮೇಲೆ ಅದು ನಿಂತುಹೋಗಿ ಅಜ್ಜಿ ಕತ್ತಲೆ ಕೋಣೆಯಲ್ಲೇ ಉಳಿದಳು. ಮನೆತುಂಬ ಆಳುಗಳಿದ್ದಾರೆ, ಅವರು ಎತ್ತಬಾರದೇ ಎಂದು ಕೇಳಿದರೆ, ಅವರು ಅವ್ವನನ್ನು ಚೀಲ ಹಿಡಿದ ಹಾಗೆ ಹಿಡಿಯುತ್ತಾರೆ, ಅವಳಿಗೆ ಅಂಜಿಕೆ, ನನ್ನನ್ನು ಬಿಟ್ಟರೆ ಯಾರ ಕೈಗೂ ಬರುವುದಿಲ್ಲ ಎನ್ನುತ್ತಿದ್ದ. ನನಗೆ ಇದು ಸುತರಾಂ ಒಪ್ಪಿಗೆಯಾಗುತ್ತಿರಲಿಲ್ಲ. ಏಕೆಂದರೆ ಅವನು ಅಜ್ಜಿಯನ್ನು ಹೊರಗೆ ತರುವ ಹೊತ್ತಿಗೆ ಸರಿಯಾಗಿ ಕಟ್ಟೆಯ ಸುತ್ತ ಅವನಿಂದ ಕೆಲಸ ಆಗಬೇಕಾದವರು ಹತ್ತಾರು ಜನ ಕೂತಿರುತ್ತಿದ್ದರು. ಎಲ್ಲರೂ ಎದ್ದು ನಿಂತು ಕೈಮುಗಿಯುತ್ತಿದ್ದರು. ಅವನಿಗೆ ನೋವಾಗುತ್ತಿರುವುದು ಆ ಕೈಮುಗಿತ ತಪ್ಪಿದ್ದಕ್ಕೆ ಎಂದು ನಾನು ನನ್ನ ತಾಯಿಯ ಮುಖಕ್ಕೇ ಹೇಳಿದ್ದೆ.

ಮೊದಲು ಅವನು ತೆಕ್ಕಲಕೋಟೆಯ ಒಬ್ಬ ಸೂಜಿ ವೈದ್ಯನ ಕೈಗೆ ಬೆನ್ನು ಕೊಟ್ಟ. ಸೂಜಿ ಚುಚ್ಚದೆ ಬರೀ ಗುಳಿಗೆ ಬರೆದು ಕಳಿಸುವವನನ್ನು ನಮ್ಮ ಕಡೆ ಡಾಕ್ಟರು ಎಂದೇ ಕರೆಯುವುದಿಲ್ಲ. ಈತನಾದರೋ ಹೆಬ್ಬೆಟ್ಟಿನಿಂದ ನಡುವನ್ನು ಒತ್ತುತ್ತ ಹೋಗಿ, ರೋಗಿ ಎಲ್ಲಿ ಕಿರುಚುತ್ತಾನೋ ಅಲ್ಲಿ ಚುಚ್ಚುವವನು! ಅವನ ಹೆಬ್ಬೆಟ್ಟಿಗೆ ಕಣ್ಣಿದೆ ಎಂದು ಮಾಮ ಊರೆಲ್ಲ ಸಾರಿಕೊಂಡು ಬಂದ. ಆರು ಸಲ ಚುಚ್ಚಿಸಿಕೊಂಡ. ಆರನೆಯ ಸಲ ವಾಪಸು ಬಂದಾಗ ಕಾರಿನಿಂದ ಇಳಿಯಲಾರದವನನ್ನು ಇಬ್ಬರು ಡ್ರೈವರುಗಳು ತಲೆಗೊಬ್ಬ ಕಾಲಿಗೊಬ್ಬ ಹಿಡಿದು ಇಳಿಸಿದರು. ಆ ಹೆಬ್ಬೆಟ್ಟಿನ ಕಣ್ಣಿಗೆ ಪೊರೆ ಬಂದಿರಬೇಕು.

ಕೊನೆಗೆ ನಾನೇ ಬಳ್ಳಾರಿಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅಲ್ಲಿ ನೋವಿಗೆಂದೇ ಓದಿ ಬಂದ ಎಳೆ ವಯಸ್ಸಿನ ಡಾಕ್ಟರೊಬ್ಬರಿದ್ದರು. ಎರಡು ವರ್ಷದ ಹಿಂದೆ ತೆಗೆಸಿದ್ದ ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಎರಡು ಮೂಳೆಗಳ ನಡುವಿನ ಮೆತ್ತೆ ಹಿಂದಕ್ಕೆ ಜಾರಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದು ತೋರಿಸಿದರು. ಎಕ್ಸ್‌ರೇ ಯಂತ್ರದಲ್ಲಿ ಒಳಗಿನದನ್ನು ನೋಡುತ್ತ ನೋಡುತ್ತಲೇ ಸೂಜಿಯನ್ನು ಆ ನರದ ಬುಡದ ತನಕ ಒಯ್ದು ಔಷಧಿ ಬಿಡುತ್ತೇನೆ, ಸದ್ಯಕ್ಕೆ ಆಪರೇಷನ್ ಬೇಡ ಎಂದರು. ಮಾಮನಿಗೆ ಇದು ಹಿಡಿಸಲಿಲ್ಲ.

“ನೋಡಿಕೋಂತ ಚುಚ್ಚೋದ್ರಾಗ ಏನ್ ದೊಡ್ಡಸ್ತಿಕಿ ಐತ್ರಿ? ನೋಡ್ದಂಗ ಚುಚ್ಚೋದು ವಿದ್ಯೆ” ಎಂದ.

“ನಿಮ್ ಲಾರಿಗೆ ಕಣ್ ಮುಚ್ಕೊಂಡು ಓಡ್ಸೋ ಡ್ರೈವರ್‌ನ ಇಟ್ಕೊಂಡೀರೇನ್ರಿ?” ಎಂದು ಡಾಕ್ಟರು ಕೇಳಿದರು.

ನಿದ್ದೆಗಣ್ಣಿನಲ್ಲಿ ಎರಡು ಲಾರಿಗಳನ್ನು ಕಾಲುವೆಗೆ ಇಳಿಸಿದ ಡ್ರೈವರು ಆಗಲೂ ಮಾಮನ ಬಳಿಯೇ ಇದ್ದ.

ಸೂಜಿಗೆಂದು ಗೊತ್ತುಮಾಡಿದ ದಿನ ಮಾಮ ಒಬ್ಬನೇ ಬಂದನೇ? ಮೂರು ಕಾರುಗಳಲ್ಲಿ ಕುರುಗೋಡಿನ ಪರಿವಾರ ಬಂದಿಳಿಯಿತು. ಬಿಲ್ಲಿನಂತೆ ಬಾಗಿದ ಆ ಎಕ್ಸ್‌ರೇ ಯಂತ್ರವನ್ನು ಬಾಗಿಲಿನಿಂದ ನೋಡಿದ್ದೇ ಮಾಮ ತನ್ನ ಡ್ರೈವರಿಗೆ ಕಣ್ಸನ್ನೆ ಮಾಡಿದ. ಡ್ರೈವರು ಜೇಬಿನಿಂದ ನಿಂಬೆಹಣ್ಣು ತೆಗೆದು ಯಂತ್ರದ ಗಾಲಿಗಳ ಕೆಳಗೆ ಒಂದೊಂದನ್ನೇ ಇಡತೊಡಗಿದ! ನರ್ಸು ಹೌಹಾರಿ ಓಡಿಬಂದಳು. ಗಾಲಿ ಇದ್ದ ಮೇಲೆ ನಿಂಬೆಹಣ್ಣು ಇಡದೆ ಹೇಗೆ ಚಾಲೂ ಮಾಡುತ್ತೀರಿ ಎಂದು ಮಾಮ ಅವಳಿಗೇ ಬುದ್ಧಿ ಹೇಳಿದ. ಹಣ್ಣುಗಳನ್ನೂ ಪರಿವಾರವನ್ನೂ ಹೊರಗೆ ಹಾಕುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ಒಂದು ಕಾರಣ ಹೇಳಿ, ತನ್ನ ಅಕ್ಕನ ಮಗಳು ಪಕ್ಕದಲ್ಲಿರದೆ ತಾನು ಮಲಗುವುದೇ ಇಲ್ಲ ಎಂದು ಮಾಮ ಹಟ ಹಿಡಿದ. ನನಗೆ ಸೀಸದ ಏಪ್ರನ್ ತೊಡಿಸಿದರು. ಅದರ ಭಾರಕ್ಕೆ ನನ್ನ ನಡುವೇ ಹಿಡಿದುಕೊಳ್ಳುವ ಹಾಗಾಯಿತು. ಹೊಟ್ಟೆಯ ಕೆಳಗೆ ದಿಂಬು ಕೊಟ್ಟು ಮಾಮನನ್ನು ಬೋರಲು ಮಲಗಿಸಿ, ಮೇಲೆ ಹಸಿರು ಬಟ್ಟೆ ಹೊದಿಸಿ, ಯಂತ್ರ ಚಾಲೂ ಮಾಡಿದರು. ಟೀವಿಯಲ್ಲಿ ಮೂಳೆಗಳು ಮೂಡಿದವು. ಸೂಜಿ ಹೋಗಬೇಕಾದ ಜಾಗಕ್ಕೆ ಸರಿಯಾಗಿ ಅಡ್ಡಡ್ಡ ಒಂದು ಕರ್ರನೆಯ ಹಗ್ಗವೂ ಮೂಡಿತು.

ಮೈಮೇಲೆ ಲೋಹದ ಸಾಮಾನು ಇದೆಯೇ ಎಂದು ಮೊದಲೇ ಕೇಳಿದ್ದರು. ಇಲ್ಲವೇ ಇಲ್ಲ ಎಂದಿದ್ದ. ಈಗ ಕೇಳಿದರೆ, “ಲೋಹ ಅಂದ್ರ ಕಬ್ಬಿಣ ಅಲ್ರಿ? ಅದು ಬಂಗಾರದ ಉಡಿದಾರ” ಎಂದ.

ಕಿರುಬೆರಳಿನ ದಪ್ಪದ ಬಂಗಾರದ ಉಡಿದಾರ! ಸ್ಕ್ಯಾನ್ ತೆಗೆಸಿದ ಮೇಲೆ ಬಂದ ದೀಪಾವಳಿಗೆ ಮಾಡಿಸಿಕೊಂಡದ್ದಂತೆ. ಕೊಂಡಿ ಇಟ್ಟರೆ ಮಲಗಿದಾಗ ಯಾರಾದರೂ ಬಿಚ್ಚಿಕೊಂಡಾರು ಎಂಬ ಭಯಕ್ಕೆ, ಅಕ್ಕಸಾಲಿಯನ್ನು ಮನೆಗೇ ಕರೆಸಿ ನಡುವಿನ ಮೇಲೇ ಬೆಸುಗೆ ಹಾಕಿಸಿದ್ದ. ಆಮೇಲೆ ಹೊಟ್ಟೆ ಬೆಳೆಯುತ್ತ ಹೋಯಿತು, ಬಂಗಾರ ಬೆಳೆಯಲಿಲ್ಲ. ಸೋಪಿನ ನೀರು ಹಚ್ಚಿ ಇಬ್ಬರು ನರ್ಸುಗಳು ಮೇಲಕ್ಕೂ ಕೆಳಕ್ಕೂ ದೂಡಿದರೂ ಅದು ಮಾಂಸದಿಂದ ಏಳಲಿಲ್ಲ. ಕತ್ತರಿಸಬೇಕು ಎಂದರು ಡಾಕ್ಟರು. ಮಾಮ ಬೋರಲು ಮಲಗಿದಲ್ಲೇ ಬೆವರಿದ. ಬಂಗಾರ ಹೋಗಲಿ, ಉಡಿದಾರ ಹರಿಯುವುದು ಹೆಣಕ್ಕೆ, ಜೀವಂತ ಇರುವವನ ನಡು ಒಂದು ನಿಮಿಷವೂ ಬರಿದಾಗಬಾರದು ಎಂದ. ಡಾಕ್ಟರು ಗಾಯಕ್ಕೆ ಹೊಲಿಗೆ ಹಾಕುವ ಕಪ್ಪು ರೇಷ್ಮೆ ದಾರ ತರಿಸಿ, ಎಳೆ ಎಳೆ ಸೇರಿಸಿ, ಸೂಜಿಯ ಜಾಗ ಬಿಟ್ಟು ಮೇಲುಗಡೆ ಕಟ್ಟಿಸಿದರು. ಆಮೇಲೆ ಪೇಟೆಯಿಂದ ಅಕ್ಕಸಾಲಿ ಬಂದ. ಟೋಪಿ, ಮುಖಗವಸು ತೊಟ್ಟು, ಮಾಮನ ಬೆನ್ನಿನ ಮೇಲೆ ಪೇಪರು ಹಾಸಿ, ಪುಡಿ ಒಂದಿಷ್ಟೂ ಚೆಲ್ಲದಂತೆ ಅರದಿಂದ ಉಜ್ಜಿ ಉಜ್ಜಿ ಕತ್ತರಿಸಿದ. ಆಪರೇಷನ್ ಕೋಣೆಯಲ್ಲಿ ಅಷ್ಟು ಶ್ರದ್ಧೆಯ ಕೆಲಸ ನಡೆದದ್ದನ್ನು ತಾವೂ ಮೊದಲ ಸಲ ನೋಡಿದ್ದು ಎಂದು ಆ ಡಾಕ್ಟರೇ ನನಗೆ ಹೇಳಿದರು.

ಮತ್ತೆ ಎಲ್ಲ ತೊಳೆದು ಒರೆಸಿ ಶುರು ಮಾಡಿದರು. ಟೀವಿ ನೋಡುತ್ತ ಸೂಜಿಯನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋದರು. ನಡುವೆ ನಿಲ್ಲಿಸಿ ಸ್ವಲ್ಪ ಬಣ್ಣದ ಔಷಧಿ ಬಿಟ್ಟಾಗ, ಅದು ನರದ ಗುಂಟ ಸಣ್ಣ ಬೇರಿನ ಹಾಗೆ ಇಳಿಯುವುದು ಕಂಡಿತು. ಅಲ್ಲೇ, ಅದೇ ನೋವು ಎಂದು ಮಾಮ ಕೂಗಿದ. ಸೂಜಿ ಸರಿಯಾದ ಜಾಗದಲ್ಲಿದೆ ಎಂದು ಡಾಕ್ಟರು ನಿಜವಾದ ಔಷಧಿ ಬಿಟ್ಟರು. ನಾನು ಮಾತ್ರ ಬಾಯಿ ತೆರೆದುಕೊಂಡು ನಿಂತಿದ್ದೆ. ಇಷ್ಟು ವರ್ಷ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನರ ಬರೆದು ತೋರಿಸಿದವಳಿಗೆ ಅವತ್ತು ನಾಚಿಕೆಯಾಯಿತು. ಒಂದು ತಾಸಿನಲ್ಲಿ ಮಾಮ ಎದ್ದು ನಡೆದಾಡಿದ. ಬಾಯಿ ಸುಮ್ಮನಿರಬೇಕಲ್ಲ, ತೆಕ್ಕಲಕೋಟೆಯವನೂ ಇಲ್ಲೇ ಚುಚ್ಚಿದ್ದ, ಸ್ವಲ್ಪ ಆಚೆಗೆ ಎಂದ.

ಡಾಕ್ಟರು ಕೊನೆಗೆ ಕೂಡಿಸಿಕೊಂಡು ತಿಳಿಹೇಳಿದರು. ನೋವು ಇಳಿಯುತ್ತದೆ, ನಡೆಯಬಹುದು, ಕೂರಬಹುದು, ಆದರೆ ಭಾರ ಎತ್ತುವ ಕೆಲಸ ಇನ್ನು ಮುಗಿಯಿತು. ಆ ಮೆತ್ತೆ ಮತ್ತೆ ಜಾರಿದರೆ ಕಾಲೇ ಹೋದೀತು ಎಂದರು.

“ಮೂವತ್ತೈದು ಕೇಜಿನೂ ಬ್ಯಾಡೇನ್ರಿ?” ಮಾಮ ಕೇಳಿದ.

“ತುಂಬಿದ ಕೊಡಾನೂ ಬ್ಯಾಡ್ರಿ.”

ಅಜ್ಜಿಯ ತೂಕ ಅಷ್ಟೇ ಇತ್ತು. ಕಟ್ಟೆಯ ಮೇಲಿನ ನಾಟಕಕ್ಕೆ ಅಂತೂ ತೆರೆಬಿತ್ತು ಎಂದು ನಾನು ಅವತ್ತು ಖುಷಿಪಟ್ಟೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಖುಷಿಪಟ್ಟೆ.

ಹದಿನೈದು ದಿನ ಬಿಟ್ಟು ಅಜ್ಜಿಯನ್ನು ನೋಡಲು ಮೊದಲ ಬಸ್ಸಿಗೆ ಕುರುಗೋಡಿಗೆ ಹೋದೆ. ಕಟ್ಟೆಯ ಹತ್ತಿರ ನರಪಿಳ್ಳೆ ಇರಲಿಲ್ಲ. ಒಂಬತ್ತು ಗಂಟೆಯ ತನಕ ಯಾರೂ ಬರಕೂಡದು ಎಂದು ಮಾಮ ಅಪ್ಪಣೆ ಮಾಡಿದ್ದಾನೆ ಎಂದು ಕಸ ಗುಡಿಸುತ್ತಿದ್ದವಳು ಪಿಸುಗುಟ್ಟಿದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ.

ಇಬ್ಬರು ಆಳುಗಳು ಅಜ್ಜಿಯನ್ನು ಮಡಚಿದ ಕಂಬಳಿಯ ಮೇಲೆ ಎತ್ತಿಕೊಂಡು, ಬರಿಗಾಲಲ್ಲಿ, ಉಸಿರು ಬಿಗಿಹಿಡಿದು ಬರುತ್ತಿದ್ದರು. ಮಾಮ ಅವರ ನಡುವೆ ಅಡ್ಡಡ್ಡ ಹೆಜ್ಜೆ ಇಡುತ್ತಿದ್ದ. ಅವನ ಒಂದು ಕೈ ಅಜ್ಜಿಯ ಕತ್ತಿನ ಕೆಳಗಿತ್ತು, ಇನ್ನೊಂದು ಮಂಡಿಯ ಕೆಳಗಿತ್ತು. ಅವಳ ಭಾರದಲ್ಲಿ ಒಂದು ಗುಂಜಿಯೂ ಅವನ ತೋಳಿನ ಮೇಲೆ ಇರಲಿಲ್ಲ. ಹೊತ್ತವರಿಬ್ಬರ ಸದ್ದೇ ಇಲ್ಲ, ಏನನ್ನೂ ಹೊರದ ಮಾಮ ಏದುಸಿರು ಬಿಡುತ್ತಿದ್ದ. ಮಂಜುಗಣ್ಣಿನ ಮುದುಕಿ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

“ನಡು ನೋಯಾಕತ್ತಿಲ್ಲೇನೋ ಯಪ್ಪಾ?”

“ಇಲ್ಲವ್ವಾ. ನೀ ಎಷ್ಟ್ ಭಾರ ಅದೀ?”

ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಅವಳನ್ನು ಕೂಡಿಸಿ ಆಳುಗಳು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಸರಿದರು. ಆಗ ಮಾಮ ನನ್ನನ್ನು ನೋಡಿದ. ಯಾವ ಸಾಹೇಬನ ಮುಂದೆಯೂ ಅವನು ಹಾಗೆ ಕಣ್ಣಿನಲ್ಲೇ ಬೇಡಿಕೊಂಡದ್ದನ್ನು ನಾನು ಕಂಡಿಲ್ಲ. ನನ್ನ ಬಳೆಯ ಸದ್ದಿಗೆ ಅಜ್ಜಿ ಮುಖ ಎತ್ತಿ, ನನ್ನ ಹೆಸರು ಹಿಡಿದು ಕರೆದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೇಳಿದಳು.

“ನೋಡ್ದೇನವಾ, ನನ್ ಮಗ ಎತ್ಕೊಂಡ್ ಬಂದದ್ದು?”

“ಹೂಂ ಅಜ್ಜಿ, ನೋಡ್ದೆ. ಮಾಮನೇ ಎತ್ಕೊಂಡು ಬಂದ” ಎಂದೆ.