ಇಂಗ್ಲೆಂಡಿನ ಶಾಮಿಯಾನಕ್ಕೆ ತುಮಕೂರಿನ ಗೂಟ

ಪುಕ್ಕಟೆ ಸಿಕ್ಕಿದ್ದು ಯಾವುದೂ ನಮ್ಮ ಮನೆಗೆ ಬಂದು ತೆಪ್ಪಗೆ ತನ್ನ ಕೆಲಸ ಮಾಡಿಕೊಂಡು ಹೋಗಿದ್ದಿಲ್ಲ. ಏನಾದರೊಂದು ಎಡವಟ್ಟು ಮಾಡಿಯೇ ಹೋಗುತ್ತದೆ. ಇಂಟರ್‌ನೆಟ್ಟಿನ ಪುಕ್ಕಟೆ ಸಾಮಾನುಗಳ ವಿಷಯದಲ್ಲಂತೂ ಇದು ಎಷ್ಟು ಸಲ ಆಗಿದೆಯೆಂದರೆ, ಈಗ ಯಾರಾದರೂ 'ಫ್ರೀ' ಅಂದ ತಕ್ಷಣ ನಾನು ಮೊದಲು ನಮ್ಮ ಅತ್ತೆ ಎಲ್ಲಿದ್ದಾರೆ ಅಂತ ನೋಡುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ತುಮಕೂರಿನ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಸ್ಟೆನೋ ಆಗಿದ್ದೆ. ಕಾರ್ಖಾನೆ ಮುಚ್ಚಿತು. ಆಮೇಲೆ ಕೋರ್ಟಿನ ಎದುರು, ತಗಡಿನ ಶೀಟಿನ ಕೆಳಗೆ, ಟೈಪಿಂಗ್ ಅಂಗಡಿಯಲ್ಲಿ ಕೂತು ಜಿಲ್ಲೆಯ ಜಗಳಗಳನ್ನೆಲ್ಲ ಟೈಪು ಮಾಡಿದೆ. ಬದುವಿನ ಜಗಳ, ಬಾವಿಯ ಜಗಳ, ತೆಂಗಿನ ಮರ ಯಾರ ಕಡೆ ವಾಲಿದೆ ಅನ್ನುವ ಜಗಳ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಕೂತವರಿಗೆ ಯಾರ ಮರ ಯಾರ ಮೇಲೆ ಬಿದ್ದರೂ ಸಾಕು ಅನ್ನಿಸುತ್ತದೆ.

ನಮ್ಮ ಬೀದಿಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಮನೆಯಲ್ಲೇ ಕೂತು ಹೊರದೇಶದವರ ಆಫೀಸು ಕೆಲಸ ಮಾಡಬಹುದು ಅಂತ ಗೊತ್ತಾಯಿತು. ಅರ್ಜಿ ಹಾಕಿದೆ. ಸಿಕ್ಕವರು ಇಂಗ್ಲೆಂಡಿನ ಒಬ್ಬ ಹೆಂಗಸು. ಮದುವೆಗಳಿಗೆ ದೊಡ್ಡ ದೊಡ್ಡ ಟೆಂಟು ಬಾಡಿಗೆಗೆ ಕೊಡುವುದು ಅವರ ಕಸುಬು. ವಿಚಾರಿಸಿದವರಿಗೆ ಉತ್ತರ ಬರೆಯುವುದು, ಯಾವ ದಿನ ಯಾವ ಟೆಂಟು ಎಲ್ಲಿಗೆ ಅಂತ ನೋಡಿಕೊಳ್ಳುವುದು ನನ್ನ ಪಾಲಿನದು. ಆದರೆ ಪಕ್ಕಾ ನೌಕರಿಯಲ್ಲ. ನಾನೊಬ್ಬಳು, ಫಿಲಿಪೀನ್ಸಿನ ಇನ್ನೊಬ್ಬಳು, ಇಬ್ಬರನ್ನೂ ಪರೀಕ್ಷೆಗೆ ಇಟ್ಟುಕೊಂಡಿದ್ದರು. ಅಲ್ಲಿನ ಮದುವೆ ಸೀಸನ್ ಶುರುವಾಗುವ ಮುಂಚೆ ಒಬ್ಬಳನ್ನು ಉಳಿಸಿಕೊಂಡು ಇನ್ನೊಬ್ಬಳಿಗೆ ನಮಸ್ಕಾರ. ನನಗಂತೂ ಆ ಕೆಲಸ ಬೇಕೇ ಬೇಕಾಗಿತ್ತು. ಇಲ್ಲದಿದ್ದರೆ ಮತ್ತೆ ಅದೇ ತಗಡು, ಅದೇ ವಾಲಿದ ಮರ.

'ಸಾಫ್ಟ್‌ವೇರ್ ಏನೂ ಕೊಡೋದಿಲ್ಲ, ಎಲ್ಲ ಫ್ರೀಯಾಗಿ ಸಿಗುತ್ತೆ, ಅದನ್ನೇ ಬಳಸಿ' ಅಂತ ಆಯಮ್ಮ ಮೊದಲ ದಿನವೇ ಬರೆದುಬಿಟ್ಟರು. ಜಿಪುಣತನ ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ.

ಎಲ್ಲಮ್ಮಾ ಅಂಗಡಿ?

ಅತ್ತೆ ಕುಣಿಗಲ್ ಕಡೆಯವರು. ಒಂದು ಸಲ ಕೇಳಿದರೆ ಯಾವ ವ್ಯವಹಾರವೂ ಅವರಿಗೆ ಅರ್ಥವಾಗುತ್ತದೆ. ಎದುರು ಮನೆಯಾಕೆ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು, "ನಿಮ್ ಸೊಸೆ ಈಗ ಎಲ್ ಕೆಲ್ಸ ಮಾಡ್ತಾವ್ಳೆ?" ಅಂತ ಕೇಳಿದರು.

"ಶಾಮಿಯಾನದವ್ರತ್ರ."

"ಎಲ್ಲಮ್ಮಾ ಅಂಗ್ಡಿ?"

"ಇಂಗ್ಲೆಂಡ್ನಾಗೆ."

ಎದುರು ಮನೆಯಾಕೆ ಇಂಗ್ಲೆಂಡ್ ಅನ್ನುವುದನ್ನು ಮರೆತರು, ಶಾಮಿಯಾನ ಅನ್ನುವುದನ್ನು ಮರೆಯಲಿಲ್ಲ. ಆ ವಾರವೇ ಬಂದು, ಮಗಳ ಸೀಮಂತಕ್ಕೆ ಕುರ್ಚಿ, ಒಂದು ಜೊತೆ ದೊಡ್ಡ ಕೊಳಗ, ಹಾಗೇ ಮುಂದಿನ ಅಂಗಳಕ್ಕೆ ಒಂದು ಪೆಂಡಾಲು ಬೇಕು, ಪರಿಚಯದವರು ಅಂತ ಬಾಡಿಗೆ ಕಡಿಮೆ ಮಾಡಿಸಿಕೊಡಿ ಅಂದರು. ನಾನು ಇಲ್ಲ ಅನ್ನುವುದು ಹೇಗೆ ಅಂತ ತಡವರಿಸುತ್ತಿದ್ದೆ. ಅತ್ತೆ ಒಳಗಿನಿಂದಲೇ ಹೇಳಿದರು:

"ಬಾಡ್ಗೆ ಕಮ್ಮಿ ಮಾಡುಸ್ತೀವಿ ಕಣಮ್ಮ. ಲಾರಿ ಚಾರ್ಜು ಮಾತ್ರ ನಿಮ್ದೇಯ."

ಊಟ ಆಯ್ತಾ?

ಪುಕ್ಕಟೆ ಸಾಮಾನುಗಳಲ್ಲಿ ಮೊದಲನೆಯದು ಕಂಪ್ಯೂಟರಿನಲ್ಲೇ ಮಾತಾಡುವ ಫೋನು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಾನು ಆಯಮ್ಮನ ಜೊತೆ ಮಾತಾಡಿದೆ. ಟೆಂಟಿನ ಅಳತೆ, ಮಳೆ ಬಂದರೆ ಏನು ಗತಿ, ಎಲ್ಲ ಮುಗಿಸಿ ಥ್ಯಾಂಕ್ಯೂ ಹೇಳಿ ಇಟ್ಟೆ. ಅತ್ತೆ ಹಿಂದೆಯೇ ಕೂತಿದ್ದರು.

"ಏನವ್ವಾ, ಊಟ ಆಯ್ತಾ ಅಂತ ಒಂದ್ ಮಾತ್ ಕೇಳ್ದೆ ಮಡಗ್ಬುಟ್ಟಲ್ಲ?"

"ಅತ್ತೆ, ಅದು ಆಫೀಸ್ ಕಾಲು."

"ಆಫೀಸ್ನೋರು ಉಣ್ಣಕಿಲ್ವಾ? ಪುಕ್ಕಟೆ ಫೋನು ಬೇರೆ. ಕೇಳುದ್ರೆ ನಿನ್ನ ಗಂಟೇನ್ ಹೋಯ್ತದೆ?"

ಮಾರನೇ ದಿನ ಅವರು ಪಕ್ಕದಲ್ಲೇ ಕೂತು ಮೊಣಕೈಯಲ್ಲಿ ತಿವಿದಾಗ ಬೇರೆ ದಾರಿ ಇಲ್ಲದೆ ಕೇಳಿದೆ. ಆಯಮ್ಮ, 'ಇಲ್ಲ, ಬೆಳಗ್ಗೆಯಿಂದ ಏನೂ ತಿಂದಿಲ್ಲ, ನೆನಪೇ ಆಗಲಿಲ್ಲ' ಅಂದರು. ಅದನ್ನು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು. ಅತ್ತೆಯ ಮುಖ ಸಣ್ಣದಾಯಿತು. ಅಂದಿನಿಂದ ನಾನು ದಿನಾ ಕೇಳಲೇಬೇಕು, ತಿಂದಿಲ್ಲ ಅಂದರೆ ಫೋನು ಇಡುವ ಹಾಗಿಲ್ಲ.

ಆಯಮ್ಮ ಬೇಜಾರು ಮಾಡಿಕೊಂಡು ನನ್ನನ್ನು ತೆಗೆದೇಬಿಡುತ್ತಾರೆ ಅಂತ ನಾನು ಹೆದರಿ ಸಾಯುತ್ತಿದ್ದೆ. ತಿಂಗಳ ಕೊನೆಗೆ ಅವರಿಂದ ಇ-ಮೇಲು ಬಂತು. 'ನಿಮ್ಮ ಲಂಚ್ ರಿಮೈಂಡರ್ ಸರ್ವಿಸ್ ಬಹಳ ಚೆನ್ನಾಗಿದೆ. ಫಿಲಿಪೀನ್ಸಿನವರಿಗೂ ಇದನ್ನು ಕಲಿಸಿಕೊಡಿ.' ಕಲಿಸಿಕೊಡಬೇಡ ಅಂತ ಅತ್ತೆ ಕಟ್ಟುನಿಟ್ಟಾಗಿ ಹೇಳಿದರು.

ಗುಬ್ಬಿಯಲ್ಲಿ ಮತದಾನ

ಟೆಂಟು ನೋಡಲು ಬರುವವರಿಗೆ ಯಾವ ದಿನ ಅನುಕೂಲ ಅಂತ ಕೇಳುವುದಕ್ಕೆ ಒಂದು ಪುಕ್ಕಟೆ ಸಾಧನವಿತ್ತು. ನಾಲ್ಕಾರು ದಿನ ಬರೆದು ಎಲ್ಲರಿಗೂ ಮೇಲು ಕಳಿಸಿದರೆ, ಅವರವರು ತಮಗೆ ಆಗುವ ದಿನದ ಮುಂದೆ ಟಿಕ್ ಹಾಕುತ್ತಾರೆ. ಹೆಚ್ಚು ಟಿಕ್ ಬಿದ್ದ ದಿನ ಗೆದ್ದ ಹಾಗೆ. ಇದನ್ನು ಕಲಿತುಕೊಳ್ಳಿ ಅಂತ ಆಯಮ್ಮ ಹೇಳಿದರು. ಗಿರಾಕಿಗಳ ಮೇಲೆ ಪ್ರಯೋಗ ಮಾಡಿ ಎಡವಟ್ಟಾದರೆ ನೌಕರಿಗೇ ಕುತ್ತು. ಅದಕ್ಕೆ ಮೊದಲು ನೆಂಟರ ಮೇಲೆ ಮಾಡಿದೆ.

ಗುಬ್ಬಿಯಲ್ಲಿ ನಮ್ಮ ಅಣ್ಣ ಹೊಸ ಮನೆ ಕಟ್ಟಿ ಮುಗಿಸಿದ್ದ. ಗೃಹಪ್ರವೇಶಕ್ಕೆ ಯಾವ ದಿನ ಎಲ್ಲರಿಗೂ ಆಗುತ್ತೆ ಅಂತ ನಾನೇ ಪಟ್ಟಿ ಮಾಡಿ ಕಳಿಸಿದೆ. ಮೇಲು ಇಲ್ಲದ ದೊಡ್ಡಪ್ಪ, ಚಿಕ್ಕಪ್ಪಂದಿರ ಟಿಕ್ಕನ್ನು ಅವರ ಮಕ್ಕಳು ಹಾಕಿದರು. ಎರಡು ದಿನದಲ್ಲಿ ಉತ್ತರ ಬಂತು. ಎಲ್ಲರೂ ಎಲ್ಲ ದಿನಕ್ಕೂ ಟಿಕ್ ಹಾಕಿದ್ದರು! ಒಂದು ದಿನ ಆಗುವುದಿಲ್ಲ ಅಂದರೆ ಅಣ್ಣ ಏನಂದುಕೊಳ್ಳುತ್ತಾನೋ ಅಂತ ಒಬ್ಬೊಬ್ಬರಿಗೂ ಸಂಕೋಚ. ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ 'ನಿಮ್ಮ ಅನುಕೂಲ ನೋಡಿಕೊಳ್ಳಿ' ಅಂತ ಎಲ್ಲರದೂ ಒಂದೇ ಒಕ್ಕಣೆ.

ಅಣ್ಣ ಫೋನು ಮಾಡಿ ರೇಗಿದ. "ಏನೇ ಇದು ನಿನ್ ಕಂಪ್ಯೂಟ್ರು? ಹಿಂಗೆ ಎಲ್ರೂ ಹೂಂ ಅನ್ನೋದು ನಂಗೆ ಮೊದ್ಲೇ ಗೊತ್ತಿತ್ತಲ್ಲೇ!"

"ಹಾಗಾದ್ರೆ ಯಾವ ದಿನ ಇಟ್ಕೊಳ್ತೀಯೋ ಅಣ್ಣ?"

"ಪುರೋಹಿತ್ರನ್ನ ಕೇಳ್ದೆ ಕಣೇ. ನಿನ್ ಪಟ್ಟೀಲಿ ಇರೋ ಒಂದ್ ದಿನಾನೂ ಚೆನ್ನಾಗಿಲ್ವಂತೆ."

ಆ ಚುನಾವಣೆಯಲ್ಲಿ ಗೆದ್ದವರು ಪಟ್ಟಿಯನ್ನೇ ನೋಡದ ಪುರೋಹಿತರು.

ಕುಣಿಗಲ್‌ನಲ್ಲಿ ಬಾಯಿ ಮುಚ್ಚಿದ್ದು

ಒಂದು ಸಲ ಸಿಡಿಲು ಹೊಡೆದು ನಮ್ಮ ಮೋಡೆಮ್ ಸುಟ್ಟುಹೋಯಿತು. ಮಾರನೇ ದಿನ ಆಯಮ್ಮನಿಗೆ ನನ್ನ ಜೊತೆ ಮುಖ್ಯವಾದ ಕೆಲಸವಿತ್ತು. ಕುಣಿಗಲ್‌ನಲ್ಲಿ ನನ್ನ ಮೈದುನನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಬೆಳಗ್ಗೆಯೇ ಬಸ್ಸು ಹತ್ತಿದೆ. ಸ್ವಂತ ಊರಿಗೆ ಬಸ್ಸು ಹೊರಡುತ್ತದೆ ಅಂದರೆ ಅತ್ತೆ ಬಿಡುತ್ತಾರೆಯೇ? ಅವರೂ ಬಂದರು.

ಆ ದಿನದ ಪುಕ್ಕಟೆ ಸಾಮಾನು ಏನಪ್ಪಾ ಅಂದರೆ, ಅಲ್ಲಿ ಕೂತ ಆಯಮ್ಮ ಇಲ್ಲಿನ ನಮ್ಮ ಕಂಪ್ಯೂಟರನ್ನೇ ನಡೆಸಬಹುದು. ನಾನು ಒಪ್ಪಿಗೆ ಒತ್ತಿ ಕೈ ಕಟ್ಟಿ ಕೂತೆ. ಬಾಣದ ಗುರುತು ಪರದೆಯ ಮೇಲೆ ತಾನಾಗಿ ಓಡಾಡಿತು, ಟೆಂಟಿನ ಫೋಟೋ ತೆರೆಯಿತು, ಕೆಳಗೆ ಅಕ್ಷರಗಳು ತಾವಾಗಿ ಮೂಡಿದವು. ಅತ್ತೆ ಹೆದರುತ್ತಾರೆ ಅಂತ ಮೈದುನ ಅವರ ಪಕ್ಕಕ್ಕೆ ಬಂದು ನಿಂತ. ಅತ್ತೆ ಕನ್ನಡಕ ಸರಿಮಾಡಿಕೊಂಡು ಕೆಲಸ ಮುಗಿಯುವ ತನಕ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎಲ್ಲಾನೂ ಆಯಮ್ಮನೇ ಮಾಡ್ತಾವ್ಳಲ್ಲ?"

"ಹೂಂ ಅತ್ತೆ."

"ಹಂಗಾರೆ ನಿನ್ಗ್ಯಾಕವ್ವಾ ಸಂಬ್ಳ?" ಅಂದವರು ಸುತ್ತ ನೋಡಿ ದನಿ ಇನ್ನೂ ಇಳಿಸಿದರು. "ಇದು ಆಯಮ್ಮಂಗೆ ಹೊಳ್ದಿಲ್ಲ ಅಂತ ಕಾಣ್ತದೆ. ನೀನಾಗಿ ಬಾಯ್ ಬುಡಬ್ಯಾಡ."

ಮಿಸ್ಟರ್ ರಾಹು

ಮದುವೆ ಸೀಸನ್ ಹತ್ತಿರ ಬಂತು. ಆಯಮ್ಮ ಕೊನೆಯ ಪರೀಕ್ಷೆ ಇಟ್ಟರು. ಹಂಚಿಕೊಳ್ಳುವ ಪುಕ್ಕಟೆ ಕ್ಯಾಲೆಂಡರ್ ಒಂದರಲ್ಲಿ ನಾವಿಬ್ಬರೂ ನಮ್ಮ ನಮ್ಮ ಸಮಯ ಗುರುತು ಮಾಡಬೇಕು. ಯಾವಾಗ ಬಿಡುವು, ಯಾವಾಗ ಇಲ್ಲ ಅಂತ ನೋಡಿಕೊಂಡು ಅವರು ಹೊಸ ಕೆಲಸ ಕೊಡುತ್ತಾರೆ.

ಹೊಸ ಕೆಲಸ ಅಂದ ಮೇಲೆ ಅತ್ತೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ತೆಗೆದುಕೊಂಡು ಬಂದು ನನ್ನ ಪಕ್ಕ ಕೂತರು. ರಾಹುಕಾಲದಲ್ಲಿ ಹೊಸದು ಯಾವುದನ್ನೂ ಶುರು ಮಾಡಕೂಡದು, ಅದನ್ನು ಮೊದಲೇ ಬರೆದುಬಿಡು ಅಂದರು. ವಾದ ಮಾಡಿ ಗೆದ್ದ ಚರಿತ್ರೆ ನನಗಿಲ್ಲ. ಸೋಮವಾರ ಬೆಳಗ್ಗೆ ಏಳೂವರೆ, ಮಂಗಳವಾರ ಮಧ್ಯಾಹ್ನ ಮೂರು, ಹೀಗೆ ಅವರು ಓದುತ್ತಾ ಹೋದರು, ನಾನು ತುಂಬುತ್ತಾ ಹೋದೆ. ದಿನಕ್ಕೆ ಒಂದೂವರೆ ಗಂಟೆ. ಖಾನೆ ಚಿಕ್ಕದು, ಪೂರ್ತಿ ಬರೆಯಲು ಜಾಗವಿರಲಿಲ್ಲ. ಇಂಗ್ಲಿಷಿನಲ್ಲಿ 'ರಾಹು' ಅಂತಷ್ಟೇ ಬರೆದೆ.

ಆ ಬುದ್ಧಿವಂತ ಕ್ಯಾಲೆಂಡರು ನಮ್ಮ ರಾಹುಕಾಲವನ್ನು ಅಷ್ಟಕ್ಕೇ ಬಿಡದೆ ಇಂಗ್ಲೆಂಡಿನ ಗಡಿಯಾರಕ್ಕೆ ಹೊಂದಿಸಿ ಆಯಮ್ಮನಿಗೆ ತೋರಿಸುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ.

ಒಂದು ಬುಧವಾರ ಅವರಿಂದ ಉದ್ದದ ಮೇಲು ಬಂತು. 'ನಿಮ್ಮ ಇನ್ನೊಬ್ಬ ಕ್ಲೈಂಟಿನ ಬಗ್ಗೆ ನೀವು ನನಗೆ ಹೇಳಬಹುದಿತ್ತು. ಮಿಸ್ಟರ್ ರಾಹು ಅವರಿಗೆ ನೀವು ದಿನಾ ಒಂದೂವರೆ ಗಂಟೆ ಕೊಡುತ್ತೀರಿ. ಭಾನುವಾರವೂ ಬಿಟ್ಟಿಲ್ಲ. ಸೋಮವಾರ ಅವರು ನಿಮ್ಮನ್ನು ನಮ್ಮ ಸಮಯ ಬೆಳಗಿನ ಜಾವ ಮೂರಕ್ಕೇ ಕರೆಯುತ್ತಾರೆ. ನನಗೆ ಪೂರ್ತಿ ಸಮಯ ಕೊಡುವವರು ಬೇಕು. ಫಿಲಿಪೀನ್ಸಿನವರ ಕ್ಯಾಲೆಂಡರ್ ಪೂರ್ತಿ ಖಾಲಿ ಇದೆ. ನೀವು ರಾಹು ಅವರನ್ನು ಬಿಡುತ್ತೀರಾ? ಯೋಚಿಸಿ ಹೇಳಿ.'

ನಿಜ ಹೇಳಿದರೆ, ಇವಳು ಗ್ರಹ ನೋಡಿ ಕೆಲಸ ಮಾಡುವವಳು ಅಂತ ಕಳಿಸಿಬಿಡುತ್ತಾರೆ. ಸುಳ್ಳು ಹೇಳೋಣ ಅಂದರೆ ಇಬ್ಬರು ಯಜಮಾನರ ಸಂಬಳ ತಿನ್ನುವವಳು ಅಂತಾಗುತ್ತದೆ. ಕಣ್ಣಲ್ಲಿ ನೀರೇ ಬಂತು. ಆ ತಗಡಿನ ಶೀಟು ಕಣ್ಣ ಮುಂದೆ ಬಂದು ನಿಂತಿತು. "ನೋಡಿ ಅತ್ತೆ, ನಿಮ್ಮ ರಾಹು ನನ್ನ ನೌಕರಿಯನ್ನೇ ನುಂಗಿದ" ಅಂತ ಅತ್ತೇಬಿಟ್ಟೆ.

ಅತ್ತೆಗೆ ಗಾಬರಿಯೇನೂ ಆಗಲಿಲ್ಲ. "ಬುಡಾಕಾಗಕಿಲ್ಲ ಅಂತ ಬರಿ" ಅಂದರು.

"ಏನಂತ ಬರೀಲಿ?"

"ಇರೋದನ್ನೇ ಬರಿ. ನಮ್ಮತ್ತೆ ಕಾಲ್ದಿಂದ ನಮ್ಮನೆಗೆ ಬತ್ತಾವ್ನೆ. ಒಂದಿನ ತಪ್ಪುಸ್ದೋನಲ್ಲ. ಅವನು ಇರೋವಾಗ ನಾವು ಹೊಸ ಕೆಲ್ಸ ಮುಟ್ಟಾಕಿಲ್ಲ. ಇದ್ರಾಗೆ ಸುಳ್ಳೆಲ್ಲೈತೆ?"

ಹುಡುಕಿದೆ. ಸುಳ್ಳು ಎಲ್ಲೂ ಇರಲಿಲ್ಲ. ಅದನ್ನೇ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಮಾರನೇ ದಿನ, ಗುರುವಾರ, ಮಧ್ಯಾಹ್ನ ಒಂದೂವರೆ ಹೊಡೆಯಿತು. ಇಂಗ್ಲೆಂಡಿನಲ್ಲಿ ಆಫೀಸು ತೆರೆಯುವ ಹೊತ್ತು. ಉತ್ತರ ಬಂದೇಬಿಟ್ಟಿತು. ನಾನು ಒತ್ತಲು ಹೋದೆ, ಅತ್ತೆ ಗಬಕ್ಕನೆ ನನ್ನ ಕೈ ಹಿಡಿದರು. ಗುರುವಾರದ ರಾಹುಕಾಲ ಆಗಷ್ಟೇ ಶುರುವಾಗಿತ್ತು.

ನನ್ನ ಹಣೆಬರಹ ಆ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಕೂತಿದೆ, ಮೂರು ಗಂಟೆಯ ತನಕ ತೆರೆಯುವ ಹಾಗಿಲ್ಲ. ಅತ್ತೆ ಮೌಸನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತರು. ನಾನು ಗುಡಿಸಿದ ಮನೆಯನ್ನೇ ಮತ್ತೆ ಗುಡಿಸಿದೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಗಡಿಯಾರಕ್ಕೆ ಸೆಲ್ಲು ಹೋಗಿದೆಯೇನೋ ಅಂತ ಇಳಿಸಿ ನೋಡಿದೆ. ಮೂರು ಹೊಡೆದ ಮೇಲೆ ಮೌಸು ಮಡಿಲಿನಿಂದ ಹೊರಬಂತು.

ಆಯಮ್ಮ ಬರೆದಿದ್ದರು. 'ಅತ್ತೆಯ ಅತ್ತೆಯ ಕಾಲದ ಕ್ಲೈಂಟನ್ನು ಸಂಬಳದ ಆಸೆಗೆ ಬಿಡದವರು ನನ್ನನ್ನೂ ಬಿಡುವುದಿಲ್ಲ. ನೌಕರಿ ನಿಮ್ಮದು. ರಾಹು ಅವರ ಸಮಯದಲ್ಲಿ ನಾನು ಹೊಸ ಕೆಲಸ ಕೊಡುವುದಿಲ್ಲ. ಅಷ್ಟು ದೊಡ್ಡ ಕ್ಲೈಂಟಿನ ಮುಂದೆ ನಾನು ಚಿಕ್ಕವಳಾಗಬಾರದು ಅಂತ ಸಂಬಳವನ್ನೂ ಹೆಚ್ಚು ಮಾಡಿದ್ದೇನೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.'

ನಾನು ಕೂಗುತ್ತಾ ಹೋಗಿ ಅತ್ತೆಯನ್ನು ತಬ್ಬಿಕೊಂಡೆ, ಅವರೆಕಾಯೆಲ್ಲ ಚೆಲ್ಲಿಹೋಯಿತು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು, ಒಂದು ಗಳಿಗೆ ಯೋಚನೆ ಮಾಡಿದರು, ಪಂಚಾಂಗದ ಕ್ಯಾಲೆಂಡರನ್ನು ಮತ್ತೆ ಗೋಡೆಯಿಂದ ಇಳಿಸಿಕೊಂಡರು.

"ಒಬ್ಬನಿಗೇ ಇಷ್ಟು ಜಾಸ್ತಿ ಮಾಡವ್ಳೆ ಅಂದ್ರೆ, ಕೂತ್ಕೋ ಬಾ, ಯಮಗಂಡ ಗುಳಿಕ ಇಬ್ರನ್ನೂ ಬರ್ಕೊ."