ರಾಷ್ಟ್ರಪತಿ ಭವನಕ್ಕೆ ಟವಲ್ಲು ಹಾಕಿದ್ದು

ದೇಶದ ಪ್ರಥಮ ಪ್ರಜೆಯ ಮನೆ ನೋಡುವುದೇನು ಮಹಾ ಕೆಲಸ? ನಾನಿದ್ದೇನಲ್ಲ!

ಹೀಗೆಂದು ಎದೆ ತಟ್ಟಿ ಹೇಳಿದ್ದು ಹೆಂಡತಿ ಗಿರಿಜಾಗೆ. ಬಳ್ಳಾರಿಯಿಂದ ದಿನಾ ಕುರುಗೋಡಿಗೆ ಹೋಗಿ ಸಮಾಜ ವಿಜ್ಞಾನ ಕಲಿಸುವ ಟೀಚರು ಅವಳು. ಒಮ್ಮೆ ರಾಷ್ಟ್ರಪತಿ ಭವನದ ಪಾಠ ಮಾಡುವಾಗ ಒಬ್ಬ ಹುಡುಗಿ, "ಟೀಚರ್, ನೀವು ನೋಡೀರೇನ್ರಿ?" ಎಂದಳಂತೆ. ಇವಳ ಬಾಯಿಂದ "ಹೂಂ, ನೋಡೀನಿ" ಎಂದು ಬಂದುಬಿಟ್ಟಿತು. ಅಂದಿನಿಂದ ವರ್ಷವರ್ಷವೂ ಆ ಸುಳ್ಳಿಗೆ ಒಂದೊಂದು ಕೋಣೆ ಸೇರಿಸುತ್ತಾ ಬಂದಿದ್ದಳು.

"ರಿಟೈರ್ ಆಗೋದ್ರೊಳಗ ಒಮ್ಮಿ ಖರೇನ ನೋಡಬೇಕ್ರೀ. ಇಲ್ಲಂದ್ರ ಆ ಮಕ್ಕಳ ಮುಂದ ನಿಲ್ಲಾಕ ನಾಚಿಕಿ ಆಗತೈತಿ" ಎಂದಳು. ನಿವೃತ್ತಿಗೆ ಒಂದೇ ತಿಂಗಳಿತ್ತು.

ಒಳಗೆ ಹೋಗಲು ಆನ್‌ಲೈನಿನಲ್ಲಿ ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. "ಗೊತ್ತಿದ್ದೋರನ್ನ ಯಾರನ್ನಾರ ಕೇಳ್ರಿ" ಎಂದಳು. ಕೇಳುವುದೇ? ನಾನೇ? ಫೋನು ಹಿಡಿದು ಕೂತೆ. ನಮಗೆ ಬೇಕಾದ ದಿನಗಳೆಲ್ಲ ಭರ್ತಿ! ಕೆಳಗೆ, ರಾಷ್ಟ್ರಪತಿಗಳ ಹೆಸರೇ ಇದ್ದ ಇನ್ನೊಂದು ಸಾಲಿನಲ್ಲಿ ಜಾಗ ಖಾಲಿ ಖಾಲಿ!

ಇಲ್ಲಿ ನನ್ನ ಹಿನ್ನೆಲೆ ಹೇಳಬೇಕು. ನಾನು ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಪಳಗಿದವನು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ಲು ಹಾಕಿ ಸೀಟು ಹಿಡಿಯಬೇಕು. ಬೋರ್ಡು ನೋಡುವುದೆಲ್ಲ ಆಮೇಲೆ. ಹಾಗೆಯೇ ಒತ್ತಿದೆ. ಎರಡು ಸೀಟು ಸಿಕ್ಕವು!

ಗುಂತಕಲ್ಲಿನಲ್ಲಿ ರೈಲು ಹತ್ತಿ, ಎರಡು ದಿನ ಸೊಂಟ ಹಿಡಿಸಿಕೊಂಡು ದಿಲ್ಲಿ ಸೇರಿದೆವು. ಗಿರಿಜಾ ಇಳಕಲ್ ಸೀರೆ ಉಟ್ಟಳು. ನಾನು ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಗೇಟಿನ ಕಾವಲಿನವನಿಗೆ ಗತ್ತಿನಿಂದ ಫೋನು ತೋರಿಸಿದೆ. ಆತ ಆಗದೆಂದು ತಲೆಯಾಡಿಸಿದ. ನಾನು ಬಿಡುವವನೇ? ಯಾಕೆ ಬೇಡ ಅಂತೀರಿ, ಸೀಟಿದೆಯಲ್ಲ ಎಂದು ನಮ್ಮ ಬಳ್ಳಾರಿ ಉರ್ದುವಿನಲ್ಲಿ ವಾದಕ್ಕಿಳಿದೆ.

"ಕೈಕು ನಕ್ಕೋ ಬೋಲ್ತೆ ಜೀ? ದೇಖೋ, ಸೀಟ್ ಹೈ!"

"ಸೀಟ್ ತೋ ಹೈ, ಅಂಕಲ್‌ಜೀ. ಲೇಕಿನ್ ಹೈದರಾಬಾದ್ ಮೇ."

ಗಿರಿಜಾ ಫೋನು ಕಸಿದುಕೊಂಡು ಓದಿದಳು. "ರೀ, ಇದು ಹೈದರಾಬಾದ್ ಬಾಜೂಕಿನ ಸಿಕಂದರಾಬಾದಿಂದು! ರಾಷ್ಟ್ರಪತಿಗಳು ವರ್ಷಕ್ಕ ನಾಕು ದಿನ ಬಂದಿರ್ತಾರಲ್ಲ, ಆ ಮನಿ! ನಮ್ಮೂರಿಂದ ಬರೇ ಒಂದು ರಾತ್ರಿ ದಾರಿ ಐತಿ!"

"ಆತೇಳು. ಅದೂ ಅವರ ಮನೀನ ಅಲ್ಲೇನು?" ಎಂದೆ. ಅವಳು ಫೋನನ್ನು ನನ್ನ ಕೈಗೆ ತುರುಕಿದಳು. ಕಾವಲಿನವನಿಗೆ ಕೈ ಮುಗಿದೆ, ಒಂದೇ ಒಂದು ಕೋಣೆ ಸಾಕೆಂದೆ, ಆಧಾರ್ ಕಾರ್ಡು, ಅವಳ ಶಾಲೆಯ ಗುರುತಿನ ಚೀಟಿ ಎಲ್ಲ ತೋರಿಸಿದೆ. ಆತ ಪಾಪ, ಕುಡಿಯಲು ನೀರು ಕೊಟ್ಟ. ಗಿರಿಜಾ ಸರಳಿನಾಚೆ ದೂರದ ಗುಮ್ಮಟವನ್ನೇ ನೋಡುತ್ತಾ ನಿಂತಿದ್ದಳು.

ಕೊನೆಗೆ ಅವಳೇ ಸೆರಗು ಸರಿಮಾಡಿಕೊಂಡು, "ನಡೀರಿ. ಮಕ್ಕಳಿಗೆ ಖರೇ ಹೇಳಿಬಿಡ್ತೀನಿ" ಎಂದಳು.

ಹೇಳಿಯೇಬಿಟ್ಟಳು! ಬೀಳ್ಕೊಡುಗೆಯ ದಿನ ಮೈಕಿನ ಮುಂದೆ, "ಮಕ್ಕಳ, ಇಷ್ಟು ವರ್ಷ ನಾ ಸುಳ್ಳು ಹೇಳೀನಿ. ನಾ ನೋಡಿದ್ದು ಗೇಟು ಮಾತ್ರ. ಒಳಗ ಯಾಕ ಹೋಗಲಿಲ್ಲಂತ ನಮ್ಮ ಮನಿಯವ್ರು ಹೇಳ್ತಾರ" ಎಂದು ನಕ್ಕು ಕೂತಳು. ಮಕ್ಕಳು ಅವಳಿಗೆ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು.

ನಾನು ಬೆವರುತ್ತಾ ಎದ್ದು ಸಿಕಂದರಾಬಾದಿನ ಸೀಟಿನ ಕಥೆ ಒಪ್ಪಿಸಿದೆ. ಅಷ್ಟರಲ್ಲಿ ಯಾರೋ ಭಾರತದ ನಕಾಶೆ ತಂದು ತೂಗುಹಾಕಿ, ಕೋಲು ನನ್ನ ಕೈಗಿತ್ತರು. ಮುಂದಿನ ಸಾಲಿನ ಹುಡುಗಿ ಕೇಳಿದಳು: "ಸರ್, ದಿಲ್ಲಿ ಎಲ್ಲಿ ಐತಿ ತೋರಿಸ್ರಿ?"

ಈ ಸಲವಾದರೂ ತಪ್ಪಬಾರದೆಂದು ಗಟ್ಟಿ ಮನಸ್ಸಿನಿಂದ ಕೋಲು ಊರಿದೆ.

ನಾಗಪುರದ ಮೇಲೆ!